ಖಾಸೀಂಬಿ ಹಾಕಿದ ಗಾಳಿ

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ಕೆಳಗೆ, ನಾಲ್ಕು ತಗಡು ಹೊಡೆದು ನಿಲ್ಲಿಸಿದ ಒಂದು ಪಂಕ್ಚರ್ ಅಂಗಡಿಯಿತ್ತು. ಅದರ ಒಡತಿ ಖಾಸೀಂಬಿ. ಬೆನ್ನ ಹಿಂದೆ ಜನ ಆಕೆಯನ್ನು ಜಗಳಗಂಟಿ ಅನ್ನುತ್ತಿದ್ದರು. ಅನ್ನುವವರ ಬಾಯಿ ಹಿಡಿಯುವವರು ಯಾರು? ಆದರೆ ನ್ಯಾಯವಾಗಿ ಹೇಳಬೇಕೆಂದರೆ ಆಕೆ ಜಗಳ ತೆಗೆಯುತ್ತಿದ್ದುದು ಒಂದೇ ವಿಷಯಕ್ಕೆ. ಅದು ಗಾಳಿ.

ನಮ್ಮ ಕಡೆಯ ಜನರಿಗೆ ಗಾಳಿಯ ವಿಷಯದಲ್ಲಿ ಒಂದು ಹುಚ್ಚಿದೆ. ಚಾರಾಣೆ ಕೊಟ್ಟು ಹಾಕಿಸಿದ ಮೇಲೆ ಟೈರು ಕಲ್ಲಾಗಬೇಕು. ಬೆರಳಿಟ್ಟು ಒತ್ತಿದಾಗ ಒಂಚೂರು ತಗ್ಗಿತೋ, ಮುಗಿಯಿತು, ಮೋಸವಾಯಿತೆಂದು ಮುಖ ಗಂಟಿಕ್ಕುತ್ತಾರೆ. ತೊಗರಿ ಚೀಲವನ್ನು ಕುಲುಕಿ ಕುಲುಕಿ ಇನ್ನೊಂದು ಬೊಗಸೆ ಹಿಡಿಸುತ್ತಾರಲ್ಲ, ಟ್ಯೂಬಿನಲ್ಲೂ ಹಾಗೆ ಹಿಡಿಸಬೇಕು ಅನ್ನುವ ಜಾತಿ. "ಇನ್ನೊಂದೆರಡು ಹೊಡಿ ಬೇ, ಕೈ ಯಾಕ ಹಿಡೀತಿ?" ಅಂದವನ ಮುಂದೆ ಖಾಸೀಂಬಿ ಪಂಪಿನ ಹಿಡಿಕೆ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಸೈಕಲ್ ನಿಂದು, ಗಾಳಿ ನಂದು. ಇದಕ್ಕ ಇಷ್ಟೇ ಸಾಕು. ಬ್ಯಾಡಂದ್ರ ಹೋಗು, ಬಾಯಿಲೆ ಊದ್ಕೋ."

ಗಂಡ ಲಾಡ್ಲೆಸಾಬ ಅಂಗಡಿಯ ಬಾಗಿಲಲ್ಲಿ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂತು, ಬೀಡಿ ಸೇದುತ್ತ, ಒಳಗೊಳಗೇ ನಗುತ್ತಿದ್ದ. ಅವನ ಬಲಗೈ ಮೊಣಕೈಯಿಂದ ಕೆಳಗೆ ಸೊಟ್ಟ. ಆರು ವರ್ಷದ ಹಿಂದೆ ಅಂಗಡಿ ಅವನದೇ ಆಗಿತ್ತು, ಲಾರಿ ಟ್ರ್ಯಾಕ್ಟರುಗಳಿಗೆ ಗಾಳಿ ಹಾಕುವ ಯಂತ್ರವೂ ಇತ್ತು. ಅತನೂರಿನ ಸಾವ್ಕಾರ ದೌಲತರಾಯನ ಟ್ರೇಲರಿನ ಗಾಲಿಗೆ ಗಾಳಿ ತುಂಬುವಾಗ, ಟೈರನ್ನು ಹಿಡಿದಿಡುವ ಕಬ್ಬಿಣದ ರಿಂಗು ಸಿಡಿದು ಬಂದು ಅವನ ಕೈ ಮುರಿಯಿತು. ದೌಲತರಾಯನೇ ಜೀಪಿನಲ್ಲಿ ಹಾಕಿಕೊಂಡು ಗುಲ್ಬರ್ಗಾದ ದವಾಖಾನೆಗೆ ಒಯ್ದ. ಆಮೇಲೆ ಮಾತ್ರ ಯಾಕೋ ಆತ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ದವಾಖಾನೆಯ ಮಂಚದ ಮೇಲೆ ಲಾಡ್ಲೆಸಾಬ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ನಂದೇ ತಪ್ಪು. ಅಂದಾಜು ತಪ್ಪಿ ಗಾಳಿ ಜಾಸ್ತಿ ಹಾಕಿಬಿಟ್ಟೆ."

ಆ ಮಾತನ್ನು ಖಾಸೀಂಬಿ ಆರು ವರ್ಷ ಮರೆಯಲಿಲ್ಲ, ಅವನಿಗೂ ಮರೆಯಲು ಬಿಡಲಿಲ್ಲ. ಯಂತ್ರ ಮಾರಿ ಹೋಯಿತು. ಉಳಿದದ್ದು ಒಂದು ಕೈಪಂಪು. ಸೆರಗು ಸಿಕ್ಕಿಸಿಕೊಂಡು ಆಕೆ ಅದನ್ನು ಹಿಡಿದಳು, ಪಂಕ್ಚರ್ ಹಚ್ಚುವುದನ್ನು ಗಂಡನ ಬಾಯಿಂದ ಕಲಿತಳು, ಗಾಳಿಯ ಹದವನ್ನು ಮಾತ್ರ ತನ್ನ ಹೆಬ್ಬೆರಳಿಂದ ತಾನೇ ಕಲಿತಳು. ಗಂಡ ಚಾ ಚೆಲ್ಲಿದರೂ ಅದೇ ಮಾತು, ಚಪ್ಪಲಿ ಕಳೆದುಕೊಂಡು ಬಂದರೂ ಅದೇ ಮಾತು: "ಅಂದಾಜು ಇಲ್ಲದ ಮನಷ್ಯಾ ರೀ ನೀವು! ಅಂದಾಜು ಇದ್ದಿದ್ರ ಇವತ್ತ ನಾನು ಬಜಾರದಾಗ ಕುಂತು ಟ್ಯೂಬ್ ಉಜ್ಜತಿದ್ನೇನು?" ಲಾಡ್ಲೆಸಾಬ ಬೀಡಿಯ ಬೂದಿ ಕೊಡವಿ ಇನ್ನೊಂದು ದಮ್ಮು ಎಳೆಯುತ್ತಿದ್ದ.

ಹೀಗಿರುವಾಗ ೧೯೯೨ರ ಏಪ್ರಿಲ್ ಕೊನೆಗೆ, ಬಿಸಿಲು ತಲೆ ಒಡೆಯುವ ದಿನಗಳಲ್ಲಿ, ನರೋಣಾದ ಚಂದ್ರಾಮ ಊರಿಗೆ ಬಂದ. ಏಳು ಹಗಲು ಏಳು ರಾತ್ರಿ ಸೈಕಲ್ಲಿನಿಂದ ಇಳಿಯದೆ, ನೆಲಕ್ಕೆ ಕಾಲು ತಾಗಿಸದೆ, ಹಗ್ಗ ಕಟ್ಟಿದ ಮೈದಾನದೊಳಗೆ ಸುತ್ತು ಹೊಡೆಯುವುದು ಅವನ ಕಸುಬು. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ಲಿನ ಮೇಲೆಯೇ. ಯಾರೂ ಅವನಿಗೆ ಆಸರೆ ಕೊಡಕೂಡದು, ಗಾಲಿ ಹಿಡಿಯಕೂಡದು. ಅವನು ತಂದದ್ದು ಊರು ಅಲ್ಲಿಯವರೆಗೆ ಕಾಣದ ಸೈಕಲ್ಲು: ನೆಟ್ಟಗಿನ ಹ್ಯಾಂಡಲ್ಲು, ಗಿಡ್ಡ ಗಾಲಿ, ಹೆಬ್ಬಾವಿನಂಥ ದಪ್ಪ ಟೈರು. ಗುಡ್ಡ ಹತ್ತುವ ಸೈಕಲ್ಲಂತೆ. ಅಫಜಲಪುರದಲ್ಲಿ ಗುಡ್ಡ ಎಲ್ಲಿದೆ ಅಂತ ಕೇಳಬೇಡಿ, ಜನ ನೋಡಲು ಬಂದರು, ಅಷ್ಟು ಸಾಕು.

ಟೈರುಗಳು ಸವೆದು ಬೋಳಾಗಿದ್ದವು. ಹೊಸ ಜೋಡಿ ಹಾಕದೆ ಏಳು ದಿನ ಸಾಗುವಂತಿರಲಿಲ್ಲ. ಆಟದ ಕಮಿಟಿಗೆ ಅಧ್ಯಕ್ಷ ಯಾರು? ಇದೇ ದೌಲತರಾಯ. ಬಿಳಿ ಧೋತರ, ಹೆಗಲ ಮೇಲೆ ಶಾಲು, ಮನಸ್ಸು ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ಆತ ಸೋಲಾಪುರದಿಂದ ಒಂದು ಜೋಡಿ ಟೈರು ತರಿಸಿದ್ದ. ಮೈತುಂಬ ಬೆರಳಿನ ಗೆಣ್ಣಿನಷ್ಟು ಎದ್ದು ನಿಂತ ರಬ್ಬರಿನ ಗುಬಟು. ಅವನ್ನು ಹಾಕಿಸಿಕೊಳ್ಳಲು ಚಂದ್ರಾಮ ಸೈಕಲ್ಲು ತಳ್ಳಿಕೊಂಡು ಅಂಗಡಿಗೆ ಬಂದಾಗ ಅವನ ಹಿಂದೆ ಅರ್ಧ ಊರು ಬಂದಿತ್ತು. ದೌಲತರಾಯ ಅಂಗಡಿಯಿಂದ ಹತ್ತು ಮಾರು ದೂರದಲ್ಲೇ ನಿಂತ.

ಖಾಸೀಂಬಿ ಸೋಲಾಪುರದ ಟೈರನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. "ಇದು ಬ್ಯಾಡ."

"ಯಾಕ ಬ್ಯಾಡ? ಊರಿಗೆಲ್ಲ ಭಾರಿ ಟೈರ್ ಅದು!" ದೌಲತರಾಯ ದೂರದಿಂದಲೇ ಗುಡುಗಿದ.

"ಭಾರಿ ಅದ, ಅದಕ್ಕೇ ಬ್ಯಾಡ ಸಾವ್ಕಾರ್ರೆ. ಈ ಗುಬಟು ಕೆಸರಿನಾಗ, ಕಲ್ಲಿನಾಗ ಹಿಡಿಯಾಕ. ನಿಮ್ಮ ಮೈದಾನ ಮುರುಮು ಮಣ್ಣು ಬಡಿದು ಗಟ್ಟಿ ಮಾಡೀರಿ. ಅದರ ಮ್ಯಾಲ ಏಳು ದಿನ ಸಣ್ಣ ಸುತ್ತು ಹೊಡದ್ರ ಈ ಗುಬಟು ಒಂದೊಂದೂ ಇವನ ತೊಡಿ ಎಳೀತಾವ. ಮೂರನೇ ದಿನಕ್ಕ ಕಾಲು ಬೀಳ್ತಾವ." ಆಕೆ ಒಳಗಿನಿಂದ ಇನ್ನೊಂದು ಜೋಡಿ ತಂದಳು, ಗುಲ್ಬರ್ಗಾದ ಅಂಗಡಿಯವ ಹಿಂದೊಮ್ಮೆ ತಪ್ಪಿ ಕಳಿಸಿ ಗಿರಾಕಿಯಿಲ್ಲದೆ ಬಿದ್ದಿದ್ದು. ಅಷ್ಟೇ ದಪ್ಪ, ಆದರೆ ನಡುವೆ ಒತ್ತೊತ್ತಾದ ಸಣ್ಣ ಗೆರೆ, ಅಂಚಿಗೆ ಮಾತ್ರ ಸಣ್ಣ ಗುಬಟು. "ನಡುವ ನುಣ್ಣಗ ಉರುಳಬೇಕು. ಸೈಕಲ್ ವಾಲಿದಾಗ ಅಂಚು ನೆಲ ಹಿಡೀಬೇಕು. ಮತ್ತ ಚಂದ್ರಾಮ, ದಿನಾ ಒಂದೇ ಕಡಿಗೆ ತಿರುಗಬ್ಯಾಡ. ಇವತ್ತ ಎಡಕ್ಕ, ನಾಳಿ ಬಲಕ್ಕ. ಇಲ್ಲಂದ್ರ ಒಂದೇ ಮಗ್ಗಲು ಸವೀತದ."

ಚಂದ್ರಾಮ ಟೈರಿಗಿಂತ ಹೆಚ್ಚಾಗಿ ಆಕೆಯ ಮುಖ ನೋಡುತ್ತಿದ್ದ. ಊರೂರು ತಿರುಗಿದ ಮನುಷ್ಯ, ಕೆಲಸ ಬಲ್ಲವರನ್ನು ಗುರುತಿಸುತ್ತಾನೆ. "ಅಕ್ಕಾ ಅಂದಂಗೇ ಆಗಲಿ," ಅಂದ.

ಇನ್ನು ಗಾಳಿ. ಹಿಂದಿನ ಗಾಲಿಗೆ ಐವತ್ತು ಹೊಡೆತ, ಮುಂದಿನದಕ್ಕೆ ನಲವತ್ತು. ಚಂದ್ರಾಮನನ್ನು ಕೂರಿಸಿ, ಟೈರಿನ ಹೊಟ್ಟೆ ನೆಲದ ಮೇಲೆ ಎರಡು ಬೆರಳಗಲ ಹರಡಿದ್ದನ್ನು ಕೂತು ಅಳೆದು, ಹೆಬ್ಬೆರಳಿಂದ ಒತ್ತಿ ನೋಡಿ ಎದ್ದಳು. ದೌಲತರಾಯ ನಕ್ಕ. "ಬರೇ ಮೆತ್ತಗ ಅದ! ಏಳು ದಿನ ಇದರ ಮ್ಯಾಲ? ನಡುವ ಟೈರು ಕೈಕೊಟ್ರ ಊರಿನ ಮರ್ಯಾದಿ ಏನಾಗಬೇಕು?"

ಖಾಸೀಂಬಿಗೆ ಸಿಟ್ಟು ನೆತ್ತಿಗೇರಿತು. ಎದುರಿಗೆ ಅರ್ಧ ಊರಿದೆ ಅನ್ನುವುದನ್ನೂ ಮರೆತಳು. "ಕೇಳ್ರಿ ಎಲ್ಲಾರು. ನಾ ಹಾಕಿದ ಟೈರು, ನಾ ಹಾಕಿದ ಗಾಳಿ ಏಳು ದಿನದಾಗ ಒಡದ್ರ ಈ ಪಂಪು ಸಾವ್ಕಾರ್ರ ಕೈಗೆ ಕೊಟ್ಟು ಅಂಗಡಿ ಬಾಗಲಾ ಹಾಕ್ತೇನಿ. ಖಾಸೀಂಬಿ ಒಂದೇ ಮಾತಿನವಳು."

ಜನ ಹೋ ಎಂದರು. ಲಾಡ್ಲೆಸಾಬನ ಬೀಡಿ ಕೈಯಲ್ಲೇ ಆರಿತು. ಮನೆಗೆ ಹೋಗುವ ದಾರಿಯಲ್ಲಿ "ಅಂಗಡಿ ಬಿಟ್ರ ನಮಗೇನದ ಬೇ?" ಅಂತ ಮೆಲ್ಲಗೆ ಕೇಳಿದ. ಆಕೆ ಸೆರಗು ಬಿಗಿದುಕೊಂಡು ಮುಂದೆ ಮುಂದೆ ನಡೆದಳು. ಆಡಿದ ಮಾತು ಎಷ್ಟು ದೊಡ್ಡದೆಂದು ಆಗಲೇ ಆಕೆಗೂ ತಿಳಿದಿತ್ತು.

ಆರು ದಿನ ಹೇಗೋ ಕಳೆದವು. ಹೇಗೋ ಅಂದರೆ, ಖಾಸೀಂಬಿ ಒಂದು ಕಡೆ ಕೂರಲಿಲ್ಲ. ಬಸ್ಸಿನ ಟೈರು ಎಲ್ಲೋ ಢಂ ಅಂದರೆ ಹೊರಗೆ ಓಡಿಬರುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಮೈದಾನಕ್ಕೆ ಹೋಗಿ, ಹಗ್ಗದ ಆಚೆ ನಿಂತು ಕಿವಿಗೊಡುತ್ತಿದ್ದಳು. ಹದವಾದ ಟೈರು ಮುರುಮಿನ ಮೇಲೆ ಉರುಳಿದರೆ ಸರಸರ ಅನ್ನುವ ಸದ್ದು ಬರುತ್ತದೆ. ಅದು ಕೇಳಿದ ಮೇಲೆಯೇ ಆಕೆಗೆ ಉಸಿರು. ಸಂಜೆಗೊಮ್ಮೆ ಚಂದ್ರಾಮ ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸಿ, ಪೆಡಲಿನ ಮೇಲೆ ತೂಗುತ್ತ, ಕಾಲು ಕೆಳಗಿಡದೆ ಹಿಡಿದು ನಿಲ್ಲುತ್ತಿದ್ದ. ಜನ ಒಂದೇ ಕಂಠದಲ್ಲಿ ನೂರರವರೆಗೆ ಎಣಿಸುತ್ತಿದ್ದರು. ನೂರಾದ ಕೂಡಲೇ ಸಿಳ್ಳೆ, ಮೈಕಿನಲ್ಲಿ ಹಾಡು. ಮುಂಜಾನೆ ಮೈಮೇಲೆ ನೀರು ಸುರುವಿಸಿಕೊಳ್ಳುವಾಗಲೂ ಅದೇ ತರಹ ನಿಲ್ಲುತ್ತಿದ್ದ.

ಏಳನೆಯ ದಿನ ಬಂತು. ಸಂಜೆ ಶುರುವಾದ ಆಟ, ಇವತ್ತು ಸೂರ್ಯ ಮುಳುಗುವವರೆಗೆ ತಡೆದರೆ ಗೆದ್ದಂತೆ. ನಡುಮಧ್ಯಾಹ್ನ ಮೈದಾನ ಕಾದ ಹಂಚು. ಚಂದ್ರಾಮನ ಕಣ್ಣು ಗುಳಿಬಿದ್ದು, ತುಟಿ ಒಡೆದು, ತಲೆ ಒಂದು ಕಡೆ ವಾಲಿತ್ತು. ಖಾಸೀಂಬಿ ಹಗ್ಗದ ಬಳಿ ಬಂದು ಕಿವಿಗೊಟ್ಟಳು.

ಸರಸರ ಇಲ್ಲ. ಸಣ್ಣ ಹರಳು ಗಾಲಿಗೆ ಸಿಕ್ಕು ಟಣ್ ಟಣ್ ಅಂತ ಸಿಡಿಯುತ್ತಿದ್ದವು. ಹರಳು ಹಾಗೆ ಸಿಡಿಯುವುದು ಕಲ್ಲಾದ ಟೈರಿಗೆ. ಅದರ ನಡುವೆ ಇನ್ನೊಂದು ಸದ್ದು: ಮುಂದಿನ ಗಾಲಿ ಒಂದು ಸುತ್ತು ಉರುಳಿದಾಗಲೊಮ್ಮೆ, ಟಪ್. ಮತ್ತೊಂದು ಸುತ್ತು, ಟಪ್. ಚಂದ್ರಾಮ ಆಕೆಯ ಮುಂದಿನಿಂದ ಹಾದಾಗ ಕಂಡಿತು. ಒಂದು ಕಡೆ ಟೈರಿನ ಅಂಚು ರಿಮ್ಮಿನಿಂದ ಎದ್ದು, ಒಳಗಿನ ಟ್ಯೂಬು ನೆಲ್ಲಿಕಾಯಿಯಷ್ಟು ಹೊರಗೆ ಉಬ್ಬಿ, ಸುತ್ತಿಗೊಮ್ಮೆ ಗಾಲಿ ಹಿಡಿದ ಫೋರ್ಕಿಗೆ ತಾಗುತ್ತಿತ್ತು.

ಯಾ ಅಲ್ಲಾ! ಈ ಬಿಸಿಲಿಗೆ ಇನ್ನೆಷ್ಟು ಸುತ್ತು? ಹತ್ತು? ಇಪ್ಪತ್ತು? ಆಮೇಲೆ ಒಂದೇ ಸದ್ದು, ಚಂದ್ರಾಮ ನೆಲಕ್ಕೆ, ಅಂಗಡಿಯ ಬಾಗಿಲಿಗೆ ಬೀಗ. ಇಷ್ಟು ಗಾಳಿ ಎಲ್ಲಿಂದ ಬಂತು? ನಲವತ್ತೇ ಹೊಡೆದದ್ದಲ್ಲವೇ? ಅಥವಾ ಜನರೆದುರು ಬಾಯಿ ಮಾಡುವ ಭರದಲ್ಲಿ ಎಣಿಕೆ ತಪ್ಪಿತೇ? ಗಂಡನ ಹಾಗೆ ತನಗೂ ತಪ್ಪಿತೇ? ಆರು ವರ್ಷ ಅವನಿಗೆ ಆಡಿದ ಮಾತುಗಳೆಲ್ಲ ಒಮ್ಮೆಗೇ ತನ್ನ ಮೇಲೆ ಬಂದು ಬಿದ್ದಂತಾಯಿತು. ಇಲ್ಲ. ತಪ್ಪಿದ್ದರೆ ಮೊದಲ ದಿನವೇ ಈ ಸದ್ದು ಬರುತ್ತಿತ್ತು. ಆಕೆ ಸುತ್ತ ನೋಡಿದಳು. ಸ್ನಾನದ ನೀರಿನ ಹಂಡೆಯ ಪಕ್ಕ ಒಂದು ಹೊಸ ಪಂಪು ಒರಗಿಸಿಟ್ಟಿತ್ತು. ಅದು ಆಕೆಯದಲ್ಲ.

ಓಡಿಹೋಗಿ ಅಂಗಡಿಯಿಂದ ತನ್ನ ಪಂಪು ತಂದಳು. ಹಗ್ಗ ಎತ್ತಿ ಒಳಗೆ ನುಗ್ಗಿದಳು.

"ಏ, ಯಾರದು? ಹೊರಗ ಬಾ ಬೇ!" ಪೆಂಡಾಲಿನ ಕುರ್ಚಿಯಿಂದ ದೌಲತರಾಯ ಎದ್ದ. "ಕಡೀ ದಿನ ಒಳಗ ಯಾರೂ ಬರಂಗಿಲ್ಲ!"

"ಟೈರ್ ಎದ್ದದ ಸಾವ್ಕಾರ್ರೆ! ಇದಕ್ಕ ಗಾಳಿ ಯಾರು ಹಾಕ್ಯಾರ?"

ದೌಲತರಾಯ ಹಂಡೆಯ ಪಕ್ಕದ ಪಂಪಿನ ಕಡೆ ನೋಡಿದ. ಉತ್ತರ ಚಂದ್ರಾಮನಿಂದ ಬಂತು, ಸುತ್ತು ಹೊಡೆಯುತ್ತಲೇ, ಒಣಗಿದ ಗಂಟಲಿನಿಂದ. "ಮುಂಜಾನಿ ಸ್ನಾನದಾಗ ಸಾವ್ಕಾರ್ರು... ಕಡೀ ದಿನ, ತಾಕತ್ತು ಬರಲಿ ಅಂತ ಮುಂದಿನ ಗಾಲಿಗೆ ಹಾಕಿಸಿದ್ರು ಅಕ್ಕಾ. ನನಗ ಬ್ಯಾಡನ್ನಾಕ ಆಗಲಿಲ್ಲ."

ತಾಕತ್ತು! ಪ್ರೀತಿಯಿಂದಲೇ ಹಾಕಿಸಿದ್ದ ಮಹಾರಾಯ. ಹೋಳಿಗೆಗೆ ಇನ್ನೊಂದು ಸೌಟು ತುಪ್ಪ ಸುರಿದ ಹಾಗೆ.

"ನಿಂದರು ಚಂದ್ರಾಮ. ಸಂಜಿಗೆ ನಿಂದರ್ತಿ ನೋಡು, ಹಂಗ ನಿಂದರು. ಮೈ ಭಾರ ಎಲ್ಲಾ ಹಿಂದಕ್ಕ ಹಾಕು. ನಾ ಗಾಲಿ ಹಿಡಿಯಂಗಿಲ್ಲ."

ಚಂದ್ರಾಮ ನಿಂತ. ನಿಂತಲ್ಲೇ ಸೈಕಲ್ಲು ನಡುಗಿತು. ಏಳು ದಿನ ನಿದ್ದೆಗೆಟ್ಟ ಕಾಲುಗಳು. ಒಂದು ಸಲ ಎಡಗಾಲು ಪೆಡಲಿನಿಂದ ಎದ್ದೇಬಿಟ್ಟಿತು, ನೆಲದಿಂದ ಒಂದು ಗೇಣು ಮೇಲೆ ತಡೆದು ಮತ್ತೆ ಪೆಡಲಿಗೆ ಬಂತು. ಖಾಸೀಂಬಿ ಬಿಸಿ ಮುರುಮಿನ ಮೇಲೆ ಮೊಣಕಾಲೂರಿ ವಾಲ್ವಿನ ನಟ್ಟು ಸಡಿಲಿಸಿದಳು. ಸುಯ್ಯೆಂದು ಗಾಳಿ ಹೊರಟಿತು.

ಜನ ನೋಡಿದ್ದು ಅಷ್ಟೇ. "ಗಾಳಿ ಬಿಡಾಕತ್ತಾಳ! ಕೆಡವಾಕತ್ತಾಳ ನೋಡ್ರಿ!" ಯಾರೋ ಒಬ್ಬ ಕೂಗಿದ. "ಎಳೀರಿ ಆಕಿನ್ನ ಹೊರಗ!" ನಾಲ್ಕು ಜನ ಹಗ್ಗ ಹಾರಿದರು. ಒಂದು ಚಪ್ಪಲಿ ಬಂದು ಆಕೆಯ ಬೆನ್ನಿಗೆ ಬಿತ್ತು. ಆಕೆ ತಿರುಗಿ ನೋಡಲಿಲ್ಲ.

"ಎಣಸ್ರಿ!" ಚಂದ್ರಾಮ ಕಿರುಚಿದ. ಅದು ಕಿರುಚಿದ್ದೋ ಅತ್ತದ್ದೋ ಹೇಳುವುದು ಕಷ್ಟ. "ನನ್ನ ಮುಟ್ಟಬ್ಯಾಡ್ರಿ, ಎಣಸ್ರಿ!"

ಆರು ದಿನದ ರೂಢಿ ದೊಡ್ಡದು. ಮೊದಲು ಹೆಂಗಸರ ಕಡೆಯಿಂದ ಒಂದು ದನಿ ಬಂತು, ಆಮೇಲೆ ಹತ್ತು, ಆಮೇಲೆ ಇಡೀ ಮೈದಾನ. ಹಗ್ಗ ಹಾರಿದವರೂ ನಿಂತಲ್ಲೇ ನಿಂತು ಎಣಿಸತೊಡಗಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

ಟೈರು ಮೆತ್ತಗಾಯಿತು. ಇನ್ನು ಹೊರಬಂದ ಟ್ಯೂಬನ್ನು ಒಳಗೆ ತಳ್ಳಿ ಅಂಚನ್ನು ರಿಮ್ಮಿಗೆ ಕೂರಿಸಬೇಕು. ಜೋರಾಗಿ ಒತ್ತಿದರೆ ಚಂದ್ರಾಮ ಬೀಳುತ್ತಾನೆ, ಗಾಲಿ ಹಿಡಿದು ಒತ್ತಿದರೆ ಆಸರೆ ಕೊಟ್ಟಳೆಂದು ಆಟವೇ ರದ್ದು. ಆಕೆ ಎರಡು ಹೆಬ್ಬೆರಳು ಮಾತ್ರ ಊರಿ, ಮಗುವಿನ ಬಾಯಿಗೆ ತುತ್ತು ತುರುಕುವಷ್ಟು ಮೆಲ್ಲಗೆ, ಅಂಚನ್ನು ಒಳಗೊತ್ತಿದಳು. ಜಾರಿತು. ಮತ್ತೆ ಒತ್ತಿದಳು. ಬೆವರು ಕಣ್ಣಿಗಿಳಿದು ಉರಿಯಿತು. ಐವತ್ತೆರಡು, ಐವತ್ತಮೂರು. ಅಂಚು ಕೂತಿತು. ನಟ್ಟು ಬಿಗಿದಳು, ಪಂಪಿನ ನಳಿಗೆ ಹಚ್ಚಿದಳು.

"ಇನ್ನ ಹದಿನೈದು ಹೊಡತ ಚಂದ್ರಾಮ. ತಡ್ಕೋ ನನ್ನಪ್ಪಾ."

ಒಂದೊಂದು ಹೊಡೆತಕ್ಕೂ ಸೈಕಲ್ಲು ಅಲುಗುತ್ತಿತ್ತು. ಜೋರಾಗಿ ಹೊಡೆಯುವಂತಿಲ್ಲ, ನಿಧಾನ ಮಾಡಿದರೆ ಅವನ ಕಾಲು ನಿಲ್ಲುವುದಿಲ್ಲ. ಎಂಬತ್ತಕ್ಕೆ ಅವನ ತೊಡೆ ಕುಣಿಯತೊಡಗಿತು. ತೊಂಬತ್ತಕ್ಕೆ ಮೂಗಿನಿಂದ ರಕ್ತ ತೊಟ್ಟಿಕ್ಕಿ ಹ್ಯಾಂಡಲ್ಲಿನ ಮೇಲೆ ಬಿತ್ತು. ನೂರು! ಸಿಳ್ಳೆ ಬರಲಿಲ್ಲ. ಜನ ನಿಲ್ಲಿಸಲೂ ಇಲ್ಲ. ನೂರಾ ಒಂದು, ನೂರಾ ಎರಡು. ಪಂಪಿನ ಕೊನೆಯ ಹೊಡೆತ ಮುಗಿದಾಗ ಎಣಿಕೆ ನೂರಾ ಹನ್ನೊಂದಾಗಿತ್ತು.

ಹೆಬ್ಬೆರಳಿಟ್ಟು ಒತ್ತಿದಳು. ಇಷ್ಟೇ ಸಾಕು. "ನಡಿ!"

ಗಾಲಿ ಉರುಳಿತು. ಸರಸರ ಅಂತ ಸದ್ದು ಕೇಳಿದ ಮೇಲೆ ಖಾಸೀಂಬಿ ಅಲ್ಲೇ ಮುರುಮಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆ ಸಂಜೆ ಸೂರ್ಯ ಮುಳುಗಿದಾಗ ಚಂದ್ರಾಮನನ್ನು ಜನ ಸೈಕಲ್ಲಿನಿಂದ ಎತ್ತಿಕೊಂಡೇ ಇಳಿಸಿದರು.

ಮರುದಿನ ಮುಂಜಾನೆ ಅಂಗಡಿಯ ಮುಂದೆ ಟ್ರ್ಯಾಕ್ಟರು ಬಂದು ನಿಂತಿತು. ದೌಲತರಾಯ ಒಬ್ಬನೇ ಇಳಿದು, ಆರು ವರ್ಷದಲ್ಲಿ ಮೊದಲ ಸಲ ಬೇವಿನ ನೆರಳಿಗೆ ಬಂದ. ಖಾಸೀಂಬಿ ಬಾಯಿಗೆ ಬಂದದ್ದನ್ನೆಲ್ಲ ಆಡಲು ಸಿದ್ಧಳಾಗಿ ಎದ್ದು ನಿಂತಳು. ಆತ ಆಕೆಯನ್ನು ನೋಡಲೇ ಇಲ್ಲ. ಲಾಡ್ಲೆಸಾಬನ ಎದುರು ನಿಂತು, ಶಾಲಿನ ತುದಿ ತಿರುವುತ್ತ, ಆ ದೊಡ್ಡ ಧ್ವನಿ ಎಲ್ಲಿ ಹೋಯಿತೋ, ಮೆಲ್ಲಗೆ ಅಂದ:

"ಸಾಬ, ರಿಂಗು ಸಿಡಿದ ದಿನ ನೀ ಸಾಕು ಅಂದಿದ್ದಿ. ಇನ್ನೊಂದಿಷ್ಟು ಹಾಕು, ಕಬ್ಬಿನ ಲೋಡು ಅದ ಅಂತ ಎರಡು ಸಲ ಅಂದಾಂವ ನಾ. ನಿನ್ನಿ ಆ ಟೈರು ನೋಡಿದ ಮ್ಯಾಲ ರಾತ್ರಿ ಕಣ್ಣು ಹತ್ತಲಿಲ್ಲ. ಆರು ವರ್ಷ ನೀ ಯಾರ ಮುಂದನೂ ನನ್ನ ಹೆಸರು ಎತ್ತಲಿಲ್ಲ."

ಖಾಸೀಂಬಿಯ ಕೈಯಲ್ಲಿದ್ದ, ನಟ್ಟು ತಿರುವುವ ಪಾನಾ ಹಾಗೇ ಉಳಿಯಿತು. ಆಕೆ ಗಂಡನ ಕಡೆ ತಿರುಗಿದಳು. ಆರು ವರ್ಷ ಚೆಲ್ಲಿದ ಚಹಾಕ್ಕೂ ಕಳೆದ ಚಪ್ಪಲಿಗೂ ತಾನು ಆಡಿದ ಮಾತುಗಳು ಒಂದೊಂದಾಗಿ ನೆನಪಾಗುತ್ತ ಬಂದವು.

"ನನಗರೆ ಯಾಕ ಹೇಳಲಿಲ್ಲರೀ?" ಆಕೆ ಪಾನಾ ಕೆಳಗೆ ಹಾಕಿ ಕೇಳಿದಳು. "ನಾ ದಿನಾ ಬೈತಿದ್ದೆನಲ್ಲ. ಕೇಳ್ಕೋತ ಕುಂತಿದ್ರಲ್ಲ!"

"ಹೇಳಿದ್ರ ನೀ ಸಾವ್ಕಾರ್ರ ಟ್ರ್ಯಾಕ್ಟರಿಗೆ ಬೆಂಕಿ ಹಚ್ಚತಿದ್ದಿ," ಲಾಡ್ಲೆಸಾಬ ನಗಲು ನೋಡಿದ, ಆಗಲಿಲ್ಲ. "ಮತ್ತ ನಂದೇ ತಪ್ಪು ಅಂದದ್ದು ಸುಳ್ಳೇನೂ ಅಲ್ಲ ಬೇ. ಹಾಕು ಅಂದಾವ್ರು ಅವ್ರು, ಹಾಕಿದ ಕೈ ನಂದೇ. ಸಾವ್ಕಾರ್ರ ಮುಂದ ಬ್ಯಾಡ ಅನ್ನೂ ಬಾಯಿ ನನಗಿರಲಿಲ್ಲ. ನಿನಗದ. ಅದಕ್ಕೇ ನೀ ಬೈದಾಗೆಲ್ಲ, ಬೈಲಿ, ಆ ಬಾಯಿ ಹಂಗೇ ಇರಲಿ ಅಂತಿದ್ದೆ."

ಬಸ್ ಸ್ಟ್ಯಾಂಡಿನಿಂದ ಆಳಂದದ ಬಸ್ಸು ಹೊರಟಿತು. ದೌಲತರಾಯ ಟ್ರ್ಯಾಕ್ಟರಿನ ಮೇಲಿನಿಂದ ಒಂದು ಹಳೆಯ ಸೈಕಲ್ಲು ಇಳಿಸಿ ಆಕೆಯ ಮುಂದೆ ನಿಲ್ಲಿಸಿದ. ಎರಡೂ ಗಾಲಿ ಕುಸಿದಿದ್ದವು.

"ಗಾಳಿ ಹಾಕು ತಂಗಿ."

ಖಾಸೀಂಬಿ ಕಣ್ಣೊರೆಸಿಕೊಂಡು ಪಂಪು ಎಳೆದುಕೊಂಡಳು. ಒಂದೊಂದೇ ಹೊಡೆತ ಹೊಡೆದು, ನಿಲ್ಲಿಸಿ, ಟೈರಿನ ಮೇಲೆ ಹೆಬ್ಬೆರಳಿಟ್ಟಳು. ಆಮೇಲೆ ಏನು ನೆನಪಾಯಿತೋ, ಗಂಡನ ಬಳಿ ಹೋಗಿ, ಅವನ ಸೊಟ್ಟ ಕೈ ಹಿಡಿದು ತಂದು, ಅದರ ಹೆಬ್ಬೆರಳನ್ನು ಟೈರಿನ ಮೇಲೆ ಇಟ್ಟಳು.

"ನೋಡ್ರಿ. ಸಾಕೇನು?"

ಲಾಡ್ಲೆಸಾಬ ಒತ್ತಿ ನೋಡಿದ. ಆಮೇಲೆ ದೌಲತರಾಯನ ಮುಖ ನೇರವಾಗಿ ನೋಡಿ, "ಸಾಕ್ರಿ ಸಾವ್ಕಾರ್ರೆ," ಅಂದ.